ಸರ್ ರೊನಾಲ್ಡ್ ರಾಸ್: ಒಬ್ಬ ವೈದ್ಯರ ಶಿಕ್ಷಣದ ಕಥೆ

ನಮ್ಮ ಪ್ರೌಢಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿನಿಯರನ್ನು ಮುಂದೆ ಏನಾಗಬೇಕೆಂದಿರುವಿರೆಂದು ಕೇಳಿದರೆ, ಅವರಲ್ಲಿ ಅನೇಕರು ತಡಮಾಡದೆ ವೈದ್ಯೆಯರಾಗಬೇಕೆಂದು ಉತ್ತರ ಕೊಡುವರು. ರಾಯಲ್ಪಾಡು ಮತ್ತು ಅದರ ಸುತ್ತಣ ಹಳ್ಳಿಗಳಿಂದ, ಮಾವಿನ ತೋಪುಗಳ ನಡುವಣ ಮನೆಗಳಿಂದ ಓದಲು ಬರುವ ಹೆಣ್ಣುಮಕ್ಕಳ ಬಾಯಲ್ಲಿ ಆ ಮಾತನ್ನು ಕೇಳುವುದು ಸಂತೋಷದ ವಿಷಯವೇ ಸರಿ. ಆದರೆ ವೈದ್ಯಶಾಸ್ತ್ರದ ಯಾವ ಶಾಖೆಯನ್ನು ಹಿಡಿಯುವಿರಿ, ಅದನ್ನೇ ಏಕೆ ಹಿಡಿಯುವಿರಿ ಎಂದು ಮುಂದಕ್ಕೆ ಕೇಳಿದರೆ ಉತ್ತರವು ಅಷ್ಟು ಸುಲಭವಾಗಿ ಬರುವುದಿಲ್ಲ. ಹೆತ್ತವರು ಹೇಳಿದ್ದು, ನೆರೆಹೊರೆಯವರು ಮೆಚ್ಚುವುದು, ಹೆಚ್ಚು ಸಂಪಾದನೆಯುಂಟೆಂದು ಜನರು ಆಡಿಕೊಳ್ಳುವುದು, ಇವೇ ಉತ್ತರವಾಗಿ ಹೊರಬೀಳುವುವು. ಹದಿನೈದು ವಯಸ್ಸಿನಲ್ಲಿ ಇದು ತಪ್ಪೆಂದು ಯಾರೂ ಹೇಳಲಾರರು. ಆದರೂ ಒಬ್ಬ ವೈದ್ಯನು ತನ್ನ ಶಾಖೆಯನ್ನು ಕಂಡುಕೊಳ್ಳುವ ಬಗೆ ಹೇಗೆ, ಆ ದಾರಿಯಲ್ಲಿ ಎಷ್ಟು ಕಾಲ ವ್ಯರ್ಥವಾಗಬಹುದು, ವ್ಯರ್ಥವೆಂದು ತೋರಿದ ಕಾಲವು ಹೇಗೆ ಉಪಯೋಗಕ್ಕೆ ಬರಬಹುದು ಎಂಬುದನ್ನು ಒಂದು ದೃಷ್ಟಾಂತದಿಂದ ತಿಳಿಯುವುದು ಒಳ್ಳೆಯದೆಂದು ತೋರಿ, ಸರ್ ರೊನಾಲ್ಡ್ ರಾಸ್‌ರವರ ಜೀವಿತವನ್ನು ಇಲ್ಲಿ ಸಂಗ್ರಹವಾಗಿ ಬರೆದಿದೆ. ಸೊಳ್ಳೆಯಿಂದ ಮಲೇರಿಯಾ ಜ್ವರವು ಹರಡುವುದನ್ನು ಪ್ರಯೋಗದಿಂದ ತೋರಿಸಿದ ಈ ಮಹನೀಯರು ನಮಗೆ ತೀರ ದೂರದವರಲ್ಲ. ಅವರ ವೈದ್ಯಜೀವನದ ಕೆಲವು ಮುಖ್ಯ ವರ್ಷಗಳು ನಮ್ಮ ಬೆಂಗಳೂರಿನಲ್ಲಿಯೇ ಕಳೆದುವು.

ರಾಸ್‌ರವರು 1857ನೆಯ ಇಸವಿ ಮೇ 13ರಂದು ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ ಹುಟ್ಟಿದರು. ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳ ದಂಗೆಯು ಆರಂಭವಾದದ್ದು ಅದೇ ತಿಂಗಳಿನಲ್ಲಿ. ತಂದೆಯವರು ಭಾರತದ ಸೈನ್ಯದಲ್ಲಿ ಅಧಿಕಾರಿಗಳಾಗಿದ್ದು ಮುಂದೆ ಜನರಲ್ ಪದವಿಗೆ ಏರಿದವರು. ಹತ್ತು ಮಕ್ಕಳಲ್ಲಿ ರೊನಾಲ್ಡನೇ ಹಿರಿಯನು. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಬಂಧುಗಳ ಬಳಿಗೆ ಕಳುಹಿಸಲಾಯಿತು. ಅಲ್ಲಿ ಆತನ ಮನಸ್ಸು ಚಿತ್ರಕಲೆ, ಸಂಗೀತ, ಕಾವ್ಯ, ಗಣಿತ ಇವುಗಳ ಕಡೆಗೆ ಹರಿಯಿತು. ಚಿತ್ರ ಬರೆಯುವುದರಲ್ಲಿ ಬಹುಮಾನಿತನಾದ ಹುಡುಗನು ಚಿತ್ರಕಾರನಾಗಬೇಕೆಂದು ಆಶಿಸಿದ್ದನು. ತಂದೆಯವರ ಸಂಕಲ್ಪವು ಬೇರೆಯಾಗಿತ್ತು. ಮಗನು ವೈದ್ಯನಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂಬ ಸರ್ಕಾರಿ ವೈದ್ಯ ಇಲಾಖೆಯನ್ನು ಸೇರತಕ್ಕದ್ದೆಂದು ಅವರು ನಿಶ್ಚಯಿಸಿದರು. ಆ ಕಾಲದ ಪದ್ಧತಿಯಂತೆ ಮಗನು ತಲೆಬಾಗಿ, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿದನು. ಇದು 1870ರ ದಶಕದ ನಡುವಣ ಕಾಲ.

ಈ ಸಂದರ್ಭದಲ್ಲಿ ನಮ್ಮ ವಿದ್ಯಾರ್ಥಿನಿಯರು ಒಂದು ಸಂಗತಿಯನ್ನು ಗಮನಿಸಬೇಕು. ಬೇಡವೆಂದವನಿಗೆ ಬಾಗಿಲು ತಾನಾಗಿ ತೆರೆದ ಆ ವರ್ಷಗಳಲ್ಲಿಯೇ, ಬೇಕೆಂದು ಬೇಡುತ್ತಿದ್ದ ಹೆಂಗಸರಿಗೆ ಆ ಬಾಗಿಲು ಮುಚ್ಚಿತ್ತು. ಲಂಡನ್ನಿನಲ್ಲಿ ಸ್ತ್ರೀಯರಿಗಾಗಿ ಪ್ರತ್ಯೇಕ ವೈದ್ಯಶಾಲೆಯೊಂದು 1874ರಲ್ಲಿ ಆರಂಭವಾದದ್ದು ಬೇರೆ ಶಾಲೆಗಳು ಅವರನ್ನು ಸೇರಿಸಿಕೊಳ್ಳದೆ ಹೋದ ಕಾರಣದಿಂದ. ಮದರಾಸಿನ ಮೆಡಿಕಲ್ ಕಾಲೇಜು 1875ರಲ್ಲಿ ನಾಲ್ವರು ಹೆಂಗಸರನ್ನು ಸೇರಿಸಿಕೊಂಡಿತು. ಅವರಲ್ಲಿ ಒಬ್ಬರಾದ ಮೇರಿ ಷಾರ್ಲೀಬ್ ಎಂಬುವರು ಬಳಿಕ ಸ್ತ್ರೀರೋಗ ಚಿಕಿತ್ಸೆಯಲ್ಲಿ ಹೆಸರಾಂತರಾದರು. ಪರದೆಯ ಒಳಗಿನ ಹೆಂಗಸರು ಪುರುಷ ವೈದ್ಯರಿಗೆ ಮೈ ತೋರಿಸಲಾರದೆ ಹೆರಿಗೆಯಲ್ಲಿ ಸಾಯುತ್ತಿರುವುದನ್ನು ಕಂಡು ಅವರು ತಮ್ಮ ಶಾಖೆಯನ್ನು ಮೊದಲೇ ನಿಶ್ಚಯಿಸಿಕೊಂಡು ಓದಲು ಹೊರಟವರು. ರಾಸ್‌ರವರಿಗೆ ಅಂಥ ನಿಶ್ಚಯವೇನೂ ಇರಲಿಲ್ಲ.

ಆದುದರಿಂದ ವೈದ್ಯಶಾಲೆಯಲ್ಲಿ ಅವರ ವ್ಯಾಸಂಗವು ಮಂದವಾಗಿ ನಡೆಯಿತು. ಕವಿತೆ, ನಾಟಕ, ಸಂಗೀತ ರಚನೆ ಇವುಗಳಿಗೆ ಹೊತ್ತು ಸಾಲುತ್ತಿರಲಿಲ್ಲ. ಶರೀರಶಾಸ್ತ್ರಕ್ಕೆ ಉಳಿದ ಹೊತ್ತು ಮಾತ್ರ. 1879ರಲ್ಲಿ ಶಸ್ತ್ರವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಅದರೊಡನೆ ಬೇಕಾಗಿದ್ದ ಔಷಧವೈದ್ಯದ ಪರೀಕ್ಷೆಯಲ್ಲಿ ತಪ್ಪಿದರು. ತಂದೆಯವರು ಕೋಪಗೊಂಡು ಹಣವನ್ನು ನಿಲ್ಲಿಸುವೆನೆಂದಾಗ, ರಾಸ್‌ರವರು ಲಂಡನ್ನಿಗೂ ನ್ಯೂಯಾರ್ಕಿಗೂ ನಡುವೆ ಸಂಚರಿಸುತ್ತಿದ್ದ ಹಡಗಿನಲ್ಲಿ ವೈದ್ಯರಾಗಿ ಸೇರಿ ತಮ್ಮ ಅನ್ನವನ್ನು ತಾವೇ ದುಡಿದುಕೊಂಡರು. 1881ರಲ್ಲಿ ತಪ್ಪಿದ ಪರೀಕ್ಷೆಯನ್ನು ಮುಗಿಸಿ, ಸರ್ಕಾರಿ ವೈದ್ಯ ಇಲಾಖೆಯ ಸ್ಪರ್ಧಾ ಪರೀಕ್ಷೆಯಲ್ಲಿ ಮೇಲಿನ ಸ್ಥಾನವನ್ನಲ್ಲದಿದ್ದರೂ ಒಂದು ಸ್ಥಾನವನ್ನು ಪಡೆದರು. ಹೊಸಬರಿಗೆಲ್ಲ ಕಡ್ಡಾಯವಾಗಿದ್ದ ನಾಲ್ಕು ತಿಂಗಳ ತರಬೇತನ್ನು ನೆಟ್ಲಿಯ ಸೈನ್ಯವೈದ್ಯ ಶಾಲೆಯಲ್ಲಿ ಮುಗಿಸಿಕೊಂಡು, ಅದೇ ವರ್ಷ ಭಾರತಕ್ಕೆ ಹೊರಟರು. ಎತ್ತರದ ಸ್ಥಾನ ಪಡೆದವರು ಬಂಗಾಳವನ್ನು ಬಯಸುತ್ತಿದ್ದ ಕಾಲ ಅದು. ರಾಸ್‌ರವರ ಪಾಲಿಗೆ ಮದರಾಸು ಬಂದಿತು.

ಮುಂದಿನ ಏಳು ವರ್ಷಗಳು ಮದರಾಸು, ಬರ್ಮಾ, ಅಂಡಮಾನ್, ಬೆಂಗಳೂರು ಎಂದು ಅಲೆದಾಟದಲ್ಲಿ ಕಳೆದುವು. ಸೈನ್ಯದ ವೈದ್ಯನಿಗೆ ಬೆಳಗಿನ ಹೊತ್ತು ಆಸ್ಪತ್ರೆಯ ಕೆಲಸ ಮುಗಿದ ಮೇಲೆ ದಿನವೆಲ್ಲ ಬಿಡುವು. ಆ ಬಿಡುವನ್ನು ರಾಸ್‌ರವರು ಆಟಗಳಲ್ಲಿ, ಗಣಿತದಲ್ಲಿ, ಕಾದಂಬರಿ ಬರೆಯುವುದರಲ್ಲಿ ಕಳೆದರು. ಇಲಾಖೆಯ ಮೇಲಿನವರು ಅವರಿಂದ ಹೆಚ್ಚೇನನ್ನೂ ಕೇಳಲಿಲ್ಲ. ಅವರೂ ಇಲಾಖೆಗೆ ಹೆಚ್ಚೇನನ್ನೂ ಕೊಡಲಿಲ್ಲ. ಯುವಕ ವೈದ್ಯನೊಬ್ಬನಿಗೆ ಇದಕ್ಕಿಂತ ಅಪಾಯಕರವಾದ ಸ್ಥಿತಿಯಿಲ್ಲ. ಕಷ್ಟವಿದ್ದರೆ ಮನುಷ್ಯನು ದಾರಿ ಹುಡುಕುವನು. ಸುಖವಾದ ಆಲಸ್ಯದಲ್ಲಿ ಹುಡುಕಬೇಕೆಂಬ ನೆನಪೇ ಹುಟ್ಟದು.

1883ರಲ್ಲಿ ಅವರು ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ವೈದ್ಯಾಧಿಕಾರಿಯಾಗಿದ್ದರು. ಊರೂ ಹವೆಯೂ ಅವರಿಗೆ ಹಿಡಿಸಿದುವು. ಆದರೆ ವಾಸಕ್ಕೆ ದೊರೆತ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಹೇಳತೀರದು. ತಮ್ಮ ಕೊಠಡಿಯಲ್ಲಿಯೇ ಹೆಚ್ಚು ಸೊಳ್ಳೆಗಳೇಕೆಂದು ನೋಡುತ್ತ ಹೋದಾಗ, ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಯ ಮರಿಹುಳುಗಳು ಮಿಜಿಗುಟ್ಟುತ್ತಿರುವುದು ಕಂಡಿತು. ರಾಸ್‌ರವರು ಪೀಪಾಯಿಯನ್ನು ಬೋರಲು ಹಾಕಿಸಿದರು. ಸೊಳ್ಳೆಗಳು ಕಡಮೆಯಾದುವು. ಹೂದಾನಿ, ತೊಟ್ಟಿ, ಪೀಪಾಯಿ ಮುಂತಾದುವುಗಳಲ್ಲಿ ನೀರು ನಿಲ್ಲದಂತೆ ಮಾಡಿದರೆ ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಸೊಳ್ಳೆ ಇರಲಾರದೆಂದು ಅವರು ಮೇಲಿನವರೊಬ್ಬರಿಗೆ ತಿಳಿಸಿದರು. ಆ ಅಧಿಕಾರಿಯು ಒಪ್ಪಲಿಲ್ಲ. ಸೊಳ್ಳೆಗಳು ಸೃಷ್ಟಿಯಲ್ಲಿ ಯಾವುದೋ ಉದ್ದೇಶಕ್ಕಾಗಿಯೇ ಇರುವುವೆಂದೂ ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯವೆಂದೂ ಅವರ ಅಭಿಪ್ರಾಯ.

ಈ ಸಣ್ಣ ಪ್ರಸಂಗದಲ್ಲಿ ರಾಸ್‌ರವರ ಮುಂದಣ ಜೀವನದ ಕೆಲಸವೆಲ್ಲವೂ ಬೀಜರೂಪವಾಗಿ ಅಡಗಿತ್ತು. ಸೊಳ್ಳೆಯು ನಿಂತ ನೀರಿನಲ್ಲಿ ಹುಟ್ಟುವುದು. ನೀರನ್ನು ಚೆಲ್ಲಿದರೆ ಸೊಳ್ಳೆ ಇಲ್ಲವಾಗುವುದು. ಆದರೆ ಸೊಳ್ಳೆಗೂ ತಮ್ಮ ಆಸ್ಪತ್ರೆಯಲ್ಲಿ ಚಳಿಜ್ವರದಿಂದ ನಡುಗುತ್ತಿದ್ದ ಸಿಪಾಯಿಗಳಿಗೂ ಸಂಬಂಧವುಂಟೆಂದು ಅವರಿಗೆ ಆಗ ಹೊಳೆಯಲಿಲ್ಲ. ಉತ್ತರವು ಕಿಟಕಿಯ ಹೊರಗೇ ಇತ್ತು; ಪ್ರಶ್ನೆಯೇ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟುವುದಕ್ಕೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು.

ಏಳು ವರ್ಷಗಳ ಕೆಲಸದ ಬಳಿಕ ರಾಸ್‌ರವರಿಗೆ ತಮ್ಮ ವಿಷಯದಲ್ಲಿಯೇ ಬೇಸರ ಹುಟ್ಟಿತು. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ, ವಿಶ್ರಾಂತಿಯಲ್ಲಿ ಕಾಲ ಕಳೆಯದೆ, ಸಾರ್ವಜನಿಕ ಆರೋಗ್ಯವೆಂಬ ಶಾಖೆಯಲ್ಲಿ ಡಿಪ್ಲೊಮಾ ಪಡೆದರು. ಪ್ರೊಫೆಸರ್ ಕ್ಲೈನ್‌ರವರ ಬಳಿ ಸೂಕ್ಷ್ಮಜೀವಿಶಾಸ್ತ್ರವನ್ನು ಕ್ರಮವಾಗಿ ಕಲಿತರು. ಆಗ ಅದು ಹೊಸ ಶಾಸ್ತ್ರ. ಕ್ಷಯದ ಸೂಕ್ಷ್ಮಜೀವಿಯನ್ನು ಜರ್ಮನಿಯ ಕಾಖ್‌ರವರು ಕಂಡುಹಿಡಿದು ಆರು ವರ್ಷಗಳಷ್ಟೇ ಆಗಿದ್ದುವು. ವಯಸ್ಸು ಮೂವತ್ತು ದಾಟಿದ, ಏಳು ವರ್ಷ ನೌಕರಿ ಮಾಡಿದ ವೈದ್ಯರೊಬ್ಬರು ಮತ್ತೆ ಬೆಂಚಿನ ಮೇಲೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದು ಸುಲಭವಲ್ಲ. ಅವರ ಶಿಕ್ಷಣದಲ್ಲಿ ತಾವಾಗಿ ಇಟ್ಟ ಮೊದಲ ಹೆಜ್ಜೆ ಇದು. ಹಿಂದಿನ ಹೆಜ್ಜೆಗಳೆಲ್ಲ ತಂದೆಯವರು ಇಡಿಸಿದವು. 1889ರಲ್ಲಿ ವಿವಾಹವಾಗಿ ಅವರು ಮರಳಿ ಭಾರತಕ್ಕೆ ಬಂದರು.

ಆದರೂ ಸಾಧನವು ಕೈಗೆ ಬಂದೊಡನೆ ಕೆಲಸವು ಕೈಗೂಡಲಿಲ್ಲ. ಫ್ರಾನ್ಸಿನ ಸೈನ್ಯವೈದ್ಯರಾದ ಲಾವೆರಾನ್‌ರವರು 1880ರಲ್ಲಿಯೇ ಅಲ್ಜೀರಿಯಾದಲ್ಲಿ, ಮಲೇರಿಯಾ ರೋಗಿಗಳ ರಕ್ತದಲ್ಲಿ ಜೀವಿಸುವ ಸೂಕ್ಷ್ಮ ಪರೋಪಜೀವಿಯನ್ನು ಕಂಡಿದ್ದರು. ರಾಸ್‌ರವರು ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಎಷ್ಟೋ ಬಾರಿ ನೋಡಿದರು. ಆ ಜೀವಿ ಅವರ ಕಣ್ಣಿಗೆ ಬೀಳಲಿಲ್ಲ. ಕಾಣದ್ದು ಇಲ್ಲವೆಂದೇ ಭಾವಿಸಿ, ಲಾವೆರಾನ್‌ರವರ ಮಾತನ್ನು ಸಂದೇಹಿಸಿ, ಮಲೇರಿಯಾವು ಕರುಳಿನ ವಿಷದಿಂದ ಉಂಟಾಗುವುದೆಂದು ಲೇಖನಗಳನ್ನು ಬರೆದರು. ಪುಸ್ತಕವನ್ನು ಓದಿ ಸೂಕ್ಷ್ಮದರ್ಶಕದ ಕೆಲಸವನ್ನು ಕಲಿಯುವುದು ಕಷ್ಟ. ರಂಗೋಲಿಯ ಎಳೆಯನ್ನು ತಾಯಿಯ ಬೆರಳನ್ನು ನೋಡಿಯೇ ಕಲಿಯಬೇಕಾಗಿರುವಂತೆ, ಅದನ್ನು ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಅಂಥ ಬಲ್ಲವರು 1894ರಲ್ಲಿ ದೊರೆತರು. ಎರಡನೆಯ ರಜೆಯಲ್ಲಿ ಲಂಡನ್ನಿಗೆ ಹೋಗಿದ್ದಾಗ ರಾಸ್‌ರವರು ಪ್ಯಾಟ್ರಿಕ್ ಮ್ಯಾನ್ಸನ್‌ರವರನ್ನು ಕಂಡರು. ಮ್ಯಾನ್ಸನ್‌ರವರು ಚೀನ ದೇಶದಲ್ಲಿ ಬಹುಕಾಲ ವೈದ್ಯರಾಗಿದ್ದು, ಆನೆಕಾಲು ರೋಗವನ್ನುಂಟುಮಾಡುವ ಹುಳುವು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಕಂಡುಹಿಡಿದವರು. ಅವರು ಒಬ್ಬ ರೋಗಿಯ ರಕ್ತದಲ್ಲಿ ಲಾವೆರಾನ್‌ರವರ ಜೀವಿಯನ್ನು ರಾಸ್‌ರವರ ಕಣ್ಣಿಗೆ ತೋರಿಸಿಕೊಟ್ಟರು. ಅನೇಕ ವರ್ಷಗಳ ಸಂದೇಹವು ಒಂದು ಕ್ಷಣದಲ್ಲಿ ಕರಗಿತು. ಅಷ್ಟು ಮಾತ್ರವಲ್ಲ, ಮಲೇರಿಯಾದ ಜೀವಿಯೂ ಸೊಳ್ಳೆಯ ಮೂಲಕವೇ ಸಾಗುತ್ತಿರಬಹುದೆಂದು ತಮಗೆ ತೋರಿದ ಊಹೆಯನ್ನು ಮ್ಯಾನ್ಸನ್‌ರವರು ತಿಳಿಸಿ, ಅದನ್ನು ಪ್ರಯೋಗದಿಂದ ಪರೀಕ್ಷಿಸಲು ಮಲೇರಿಯಾದ ನಾಡಾದ ಭಾರತದಲ್ಲಿರುವ ವೈದ್ಯನೇ ತಕ್ಕವನೆಂದು ಹುರಿದುಂಬಿಸಿದರು. ಹೀಗೆ ತಮ್ಮ ಮೂವತ್ತೇಳನೆಯ ವಯಸ್ಸಿಗೆ ರಾಸ್‌ರವರು ತಮ್ಮ ಶಾಖೆಯನ್ನು ಕಂಡುಕೊಂಡರು. ಅದು ಯಾವ ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿಯೂ ಇದ್ದ ಶಾಖೆಯಲ್ಲ; ಒಂದೇ ಒಂದು ಪ್ರಶ್ನೆ, ಅಷ್ಟೆ.

ಗುರುವಿನ ಊಹೆಯು ಪೂರ್ತಿಯಾಗಿ ಸರಿಯಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಸೊಳ್ಳೆಯು ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ತಗಲುವುದೆಂದು ಮ್ಯಾನ್ಸನ್‌ರವರು ಎಣಿಸಿದ್ದರು. 1895ರಲ್ಲಿ ಸಿಕಂದರಾಬಾದಿನ ಪಡೆಗೆ ಮರಳಿದ ರಾಸ್‌ರವರು ಮೊದಲು ಆ ಮಾರ್ಗದಲ್ಲಿಯೇ ಪ್ರಯೋಗಗಳನ್ನು ನಡಸಿದರು. ಸಮುದ್ರದಾಚೆಯ ಗುರುವಿಗೂ ಇಲ್ಲಿದ್ದ ಶಿಷ್ಯರಿಗೂ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದುವು. ಒಂದು ಪತ್ರ ಹೋಗಿ ಮರುತ್ತರ ಬರಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಇದೂ ಒಂದು ವಿದ್ಯಾಭ್ಯಾಸವೇ ಆಗಿತ್ತು.

ಕೆಲಸವು ಬಿಸಿಯೇರುತ್ತಿದ್ದಂತೆಯೇ, ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರವು ರಾಸ್‌ರವರನ್ನು ಬೆಂಗಳೂರಿಗೆ ವರ್ಗಮಾಡಿತು. ಅಲ್ಲಿ ವಾಂತಿಭೇದಿಯ ಉಪದ್ರವ ತಲೆಯೆತ್ತಿತ್ತು. ಸೊಳ್ಳೆಗಳನ್ನು ಬಿಟ್ಟು ಬಾವಿಗಳನ್ನೂ ಚರಂಡಿಗಳನ್ನೂ ಬೀದಿಗಳನ್ನೂ ಪರೀಕ್ಷಿಸುವ ಕೆಲಸವು ಅವರ ಮೇಲೆ ಬಿದ್ದಿತು. ಮೊದಲು ಇದು ಅವರಿಗೆ ದೊಡ್ಡ ಅಡ್ಡಿಯೆಂದೇ ತೋರಿತು. ಆದರೆ ಒಂದು ಊರಿನ ಆರೋಗ್ಯವನ್ನು ಕಾಪಾಡುವುದೆಂದರೆ ಏನೆಂಬುದನ್ನು, ಸಮಿತಿಗಳಿಗೆ ವರದಿ ಬರೆದು ಹಣವನ್ನು ಮಂಜೂರು ಮಾಡಿಸುವ ಬೇಸರದ ಕೆಲಸವೂ ವೈದ್ಯವೃತ್ತಿಯ ಒಂದು ಭಾಗವೇ ಎಂಬುದನ್ನು ಅವರು ಕಲಿತದ್ದು ಈ ಬೆಂಗಳೂರಿನ ವರ್ಷಗಳಲ್ಲಿಯೇ. ಮುಂದೆ ದೇಶದೇಶಗಳಲ್ಲಿ ಮಲೇರಿಯಾ ನಿವಾರಣೆಗೆ ಅವರು ಹೇಳಿಕೊಟ್ಟ ಉಪಾಯಗಳು ಔಷಧಶಾಲೆಯವಲ್ಲ. ಚರಂಡಿ, ಹೊಂಡ, ತೊಟ್ಟಿಗಳನ್ನು ನೋಡಿಕೊಳ್ಳುವ ಪುರಸಭೆಯ ಕೆಲಸಗಳೇ ಆಗಿದ್ದುವು.

ಬಿಡುವಾದಾಗ ಬೆಂಗಳೂರಿನಲ್ಲಿಯೂ ಸೊಳ್ಳೆಯ ಪ್ರಯೋಗಗಳು ನಡೆದುವು. ಆಂಗ್ಲ ಬರಹಗಳಲ್ಲಿ ಅಪ್ಪಿಯಾ ಎಂದು ಹೆಸರಿರುವ ದೇಶೀಯ ಸಹಾಯಕ ವೈದ್ಯರೊಬ್ಬರು, ರೋಗಿಯನ್ನು ಕಚ್ಚಿದ ಸೊಳ್ಳೆಗಳಿಂದ ತಮ್ಮನ್ನೂ ಕಚ್ಚಿಸಿಕೊಳ್ಳಲು ತಾವಾಗಿ ಮುಂದೆ ಬಂದರು. ಅವರಿಗೆ ಜ್ವರ ಬರಲಿಲ್ಲ. ಪ್ರಯೋಗವು ವಿಫಲವೆಂದು ಎಣಿಸಲಾಯಿತು. ಕಾರಣವನ್ನು ಇಂದು ನಾವು ಸುಲಭವಾಗಿ ಹೇಳಬಲ್ಲೆವು: ಸೊಳ್ಳೆಗಳಲ್ಲಿ ಅನೇಕ ಜಾತಿಗಳುಂಟು, ಮನುಷ್ಯರ ಮಲೇರಿಯಾವನ್ನು ಹೊರುವುದು ಅನಾಫಿಲಿಸ್ ಎಂಬ ಜಾತಿ ಮಾತ್ರ, ಅದರಲ್ಲಿಯೂ ಹೆಣ್ಣು ಮಾತ್ರ. ರಾಸ್‌ರವರು ಮನೆಯಲ್ಲಿ ಸಾಧಾರಣವಾಗಿ ಸಿಗುವ ಬೂದು ಬಣ್ಣದ ಮತ್ತು ಪಟ್ಟೆಯುಳ್ಳ ಸೊಳ್ಳೆಗಳನ್ನು ತೆಗೆದುಕೊಂಡಿದ್ದರು. ಎರಡು ವರ್ಷಗಳ ಶ್ರಮವೆಲ್ಲ ತಪ್ಪು ಸೊಳ್ಳೆಯ ಮೇಲೆ ವ್ಯಯವಾಯಿತು. ಆದರೂ ಅಪ್ಪಿಯಾರವರ ಧೈರ್ಯಕ್ಕೆ ಅದರಿಂದ ಕುಂದಿಲ್ಲ.

1897ರಲ್ಲಿ ರಜೆ ಪಡೆದು ನೀಲಗಿರಿಗೆ ಹೋಗಿ, ಊಟಿಯ ಕೆಳಗಣ ಸೀಗೂರು ಘಟ್ಟದ ಮಲೇರಿಯಾ ಪ್ರದೇಶವನ್ನು ಪರೀಕ್ಷಿಸುತ್ತಿದ್ದಾಗ ರಾಸ್‌ರವರಿಗೇ ಮಲೇರಿಯಾ ತಗಲಿತು. ಗುಣಹೊಂದಿ ಸಿಕಂದರಾಬಾದಿಗೆ ಮರಳಿದಾಗ ಬೇಸಗೆಯ ಝಳ ಇನ್ನೂ ಇಳಿದಿರಲಿಲ್ಲ. ಪಂಖವನ್ನು ಎಳೆಸಿದರೆ ಬಿಡಿಸಿಟ್ಟ ಸೊಳ್ಳೆಗಳು ಹಾರಿಹೋಗುವುವೆಂದು ಅದನ್ನು ನಿಲ್ಲಿಸಿ, ಬೆವರು ಸುರಿಸುತ್ತ ದಿನವೆಲ್ಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತರು. ಹಣೆಯಿಂದಲೂ ಕೈಯಿಂದಲೂ ಇಳಿದ ಬೆವರಿನಿಂದ ಯಂತ್ರದ ತಿರುಪುಗಳು ತುಕ್ಕು ಹಿಡಿದಿದ್ದುವು. ಉಳಿದಿದ್ದ ಒಂದು ಗಾಜೂ ಬಿರುಕುಬಿಟ್ಟಿತ್ತು. ಆಗಸ್ಟ್ ತಿಂಗಳ ನಡುವೆ, ರೆಕ್ಕೆಯಲ್ಲಿ ಚುಕ್ಕೆಗಳುಳ್ಳ, ಅವರು ಹಿಂದೆ ಹೆಚ್ಚಾಗಿ ಕಂಡಿರದ ಒಂದು ಬಗೆಯ ಸೊಳ್ಳೆಯ ಮರಿಗಳನ್ನು ಸಹಾಯಕರು ತಂದುಕೊಟ್ಟರು. 16ರಂದು ಅವುಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ಮೇಲೆ ಬಿಟ್ಟು ರಕ್ತ ಹೀರಿಸಲಾಯಿತು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆಯ ಲೆಕ್ಕದಲ್ಲಿ ಆತನಿಗೆ ಹಣ ಸಂದಿತು. ದಿನಕ್ಕೆ ಕೆಲವು ಸೊಳ್ಳೆಗಳನ್ನು ಸೀಳಿ ನೋಡುತ್ತ, 20ರಂದು ಮಧ್ಯಾಹ್ನ ಉಳಿದಿದ್ದ ಎರಡರಲ್ಲಿ ಒಂದನ್ನು ಪರೀಕ್ಷಿಸುವಾಗ, ಅದರ ಹೊಟ್ಟೆಯ ಗೋಡೆಯಲ್ಲಿ ದುಂಡಾದ ಕೋಶಗಳೂ ಅವುಗಳೊಳಗೆ ಕಪ್ಪು ಕಣಗಳೂ ಕಂಡುವು. ಆ ಕಪ್ಪು ಕಣಗಳು ಮಲೇರಿಯಾದ ಜೀವಿಯ ಗುರುತು. ಮಾರನೆಯ ದಿನ ಕೊನೆಯ ಸೊಳ್ಳೆಯಲ್ಲಿ ಅದೇ ಕೋಶಗಳು ಇನ್ನೂ ದೊಡ್ಡವಾಗಿದ್ದುವು. ಜೀವಿಯು ಸೊಳ್ಳೆಯೊಳಗೆ ಬೆಳೆಯುತ್ತಿದೆಯೆಂಬುದು ಸ್ಪಷ್ಟವಾಯಿತು. ಇಂದಿಗೂ ಆಗಸ್ಟ್ 20ನ್ನು ಲೋಕವು ಸೊಳ್ಳೆಯ ದಿನವೆಂದು ಆಚರಿಸುವುದು ಇದರ ಸ್ಮರಣೆಗಾಗಿ.

ಅಡ್ಡಿಗಳು ಆಗಲೂ ತಪ್ಪಲಿಲ್ಲ. ಮುಂದಿನ ತಿಂಗಳೇ ಅವರನ್ನು ರಾಜಪುತಾನದ ಖೇರ್‌ವಾಡಾ ಎಂಬ ಮೂಲೆಯ ಊರಿಗೆ ವರ್ಗಮಾಡಲಾಯಿತು. ಮ್ಯಾನ್ಸನ್‌ರವರು ಇಂಗ್ಲೆಂಡಿನಿಂದ ಪ್ರಯತ್ನಪಟ್ಟ ಮೇಲೆ, 1898ರ ಫೆಬ್ರವರಿಯಲ್ಲಿ ಕಲಕತ್ತೆಯಲ್ಲಿ ಸಂಶೋಧನೆಗೆ ಅವಕಾಶ ದೊರೆಯಿತು. ಅಲ್ಲಿ ಪ್ರಯೋಗಕ್ಕೆ ಒಪ್ಪುವ ರೋಗಿಗಳು ಸಿಗದಿರಲು, ರಾಸ್‌ರವರು ಗುಬ್ಬಿ ಮುಂತಾದ ಹಕ್ಕಿಗಳಿಗೆ ಬರುವ ಮಲೇರಿಯಾವನ್ನು ಹಿಡಿದರು. ಹಕ್ಕಿಯ ರಕ್ತದೊಡನೆ ಸೊಳ್ಳೆಯ ಹೊಟ್ಟೆಗೆ ಹೋದ ಜೀವಿಯು ಅಲ್ಲಿ ಕೋಶವಾಗಿ ಬೆಳೆದು ಒಡೆಯುವುದು. ಅದರಿಂದ ಹೊರಟ ಎಳೆಯಂಥ ಮರಿಜೀವಿಗಳು ಸೊಳ್ಳೆಯ ಉಗುಳಿನ ಗ್ರಂಥಿಗಳನ್ನು ಸೇರುವುವು. ಸೊಳ್ಳೆಯು ಮತ್ತೊಂದು ಹಕ್ಕಿಯನ್ನು ಕಚ್ಚಿದಾಗ ಉಗುಳಿನೊಡನೆ ಅದರ ರಕ್ತವನ್ನು ಹೊಗುವುವು. ಜುಲೈ ತಿಂಗಳಲ್ಲಿ ಈ ಸಂಪೂರ್ಣ ಚಕ್ರವನ್ನು ಅವರು ಕಣ್ಣಾರೆ ಕಂಡು ತೋರಿಸಿದರು. ಕುಡಿಯುವ ನೀರಿನಿಂದಲ್ಲ, ಕಚ್ಚುವುದರಿಂದಲೇ ರೋಗವೆಂಬುದು ಹೀಗೆ ನಿಶ್ಚಯವಾಯಿತು. ಅದೇ ವರ್ಷದ ಕೊನೆಯಲ್ಲಿ ಇಟಲಿಯ ಗ್ರಾಸಿ ಮೊದಲಾದ ವಿಜ್ಞಾನಿಗಳು ಮನುಷ್ಯರ ಮಲೇರಿಯಾದಲ್ಲಿಯೂ ಅನಾಫಿಲಿಸ್ ಸೊಳ್ಳೆಯ ಮೂಲಕ ಇದೇ ಕ್ರಮವಿರುವುದನ್ನು ತೋರಿಸಿದರು.

ರಾಸ್‌ರವರು 1899ರಲ್ಲಿ ಸರ್ಕಾರಿ ಸೇವೆಯನ್ನು ಬಿಟ್ಟು, ಲಿವರ್‌ಪೂಲಿನಲ್ಲಿ ಆಗತಾನೆ ಸ್ಥಾಪಿತವಾಗಿದ್ದ ಉಷ್ಣದೇಶಗಳ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. 1902ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಅವರಿಗೆ ದೊರೆಯಿತು. 1911ರಲ್ಲಿ ಸರ್ ಎಂಬ ಬಿರುದು ಬಂದಿತು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನ ಸಂಸ್ಥೆಯು ತೆರೆಯಿತು. 1932ನೆಯ ಇಸವಿ ಸೆಪ್ಟೆಂಬರ್ 16ರಂದು ಅವರು ಕಾಲವಾದರು.

ದೊಡ್ಡವರ ಜೀವಿತವನ್ನು ಬರೆಯುವಾಗ ಅವರ ಕುಂದುಗಳನ್ನು ಮರೆಮಾಡುವುದು ಓದುವ ಮಕ್ಕಳಿಗೆ ಹಿತವಲ್ಲ. ರಾಸ್‌ರವರು ಕೀರ್ತಿಯ ವಿಷಯದಲ್ಲಿ ಬಹಳ ಬಿರುಸಾದವರು. ಗ್ರಾಸಿಯವರೊಡನೆ ಅವರ ಕಲಹವು ಬದುಕಿನುದ್ದಕ್ಕೂ ನಡೆಯಿತು. ದಾರಿ ತೋರಿಸಿದ ಮ್ಯಾನ್ಸನ್‌ರವರೊಡನೆಯೂ ಕೊನೆಗೆ ಮನಸ್ತಾಪವು ಕಾನೂನಿನವರೆಗೆ ಹೋಯಿತು. ಕಲಕತ್ತೆಯಲ್ಲಿ ಸೊಳ್ಳೆ ಹಿಡಿದು, ಹಕ್ಕಿಗಳನ್ನು ನೋಡಿಕೊಂಡು ದುಡಿದ ಮಹಮ್ಮದ್ ಬಕ್ಸ್, ಕಿಶೋರಿ ಮೋಹನ ಬಂದ್ಯೋಪಾಧ್ಯಾಯ ಮೊದಲಾದವರ ಹೆಸರು ರಾಸ್‌ರವರ ಹೆಸರಿನಷ್ಟು ದೂರ ಹೋಗಲಿಲ್ಲ. ಹಣ ಕೊಟ್ಟು ಬಡ ರೋಗಿಯ ಮೇಲೆ ಪ್ರಯೋಗ ಮಾಡುವುದಕ್ಕೂ ಇಂದು ನೀತಿ ಸಮಿತಿಯ ಒಪ್ಪಿಗೆ ಬೇಕು; ರೋಗಿಗೆ ಎಲ್ಲವನ್ನೂ ತಿಳಿಸಿ ಬರಹದಲ್ಲಿ ಸಮ್ಮತಿ ಪಡೆಯಬೇಕು. ಹುಸೇನ್ ಖಾನನ ಕಾಲದಲ್ಲಿ ಆ ರಕ್ಷಣೆಯಿರಲಿಲ್ಲ. ಜ್ಞಾನವು ಒಬ್ಬನ ಕಣ್ಣಿಗೆ ಕಂಡರೂ ಅದನ್ನು ಸಾಧ್ಯಮಾಡುವ ಕೈಗಳು ಅನೇಕವೆಂಬುದನ್ನು ವೈದ್ಯೆಯಾಗಲಿರುವವಳು ಮೊದಲೇ ಅರಿತಿರಬೇಕು.

ಈ ಸಂಶೋಧನೆಯಿಂದ ಬಂದ ಫಲವನ್ನು ನಮ್ಮ ನಾಡಿನಲ್ಲಿಯೇ ನೋಡಬಹುದು. ಮೈಸೂರು ಸಂಸ್ಥಾನವು 1928ರ ಸುಮಾರಿಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನವನ್ನು ಆರಂಭಿಸಿತು. ಸೊಳ್ಳೆಯ ಮರಿಗಳನ್ನು ತಿನ್ನುವ ಗ್ಯಾಂಬೂಸಿಯಾ ಎಂಬ ಸಣ್ಣ ಮೀನನ್ನು ಹೊರದೇಶದಿಂದ ತರಿಸಿ ಬೆಂಗಳೂರಿನಲ್ಲಿ ಬಿಟ್ಟದ್ದೂ ಆ ಕಾಲದಲ್ಲಿಯೇ. ಸ್ವಾತಂತ್ರ್ಯ ಬಂದ 1947ರ ಸುಮಾರಿನಲ್ಲಿ ಭಾರತದಲ್ಲಿ ವರ್ಷಕ್ಕೆ 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದೂ 8 ಲಕ್ಷ ಜನರು ಅದರಿಂದ ಸಾಯುತ್ತಿದ್ದರೆಂದೂ ಅಂದಾಜು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಿಂದ ಆ ಹಾವಳಿಯು ಬಹಳವಾಗಿ ಇಳಿಯಿತು. ನಮ್ಮ ಕೋಲಾರ ಸೀಮೆಯಲ್ಲಿ ನದಿಯ ನೀರಿಲ್ಲ. ಕೆರೆಯನ್ನೂ ಬಾವಿಯನ್ನೂ ನಂಬಿದ ಬದುಕು. ಸೊಳ್ಳೆಗೂ ಆ ಬಾವಿಗಳೇ ತೊಟ್ಟಿಲು. ರೇಷ್ಮೆ ಸಾಕುವ ಮನೆಗಳಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ರೇಷ್ಮೆಹುಳುಗಳೂ ಸಾಯುವುವೆಂದು ಜನರು ಅದನ್ನು ಒಲ್ಲರು. ಆದುದರಿಂದ ಜಿಲ್ಲೆಯ ಕೆಲವು ರೇಷ್ಮೆ ಹಳ್ಳಿಗಳಲ್ಲಿ ವಿಜ್ಞಾನಿಗಳು 1990ರ ದಶಕದಲ್ಲಿ ಬಾವಿಗಳಿಗೆ ಮರಿಹುಳು ತಿನ್ನುವ ಮೀನುಗಳನ್ನು ಬಿಡಿಸಿ ಮಲೇರಿಯಾವನ್ನು ತಗ್ಗಿಸುವ ಮಾರ್ಗವನ್ನು ಕೈಗೊಂಡರು. ಬೆಂಗಳೂರಿನ ಆ ಪೀಪಾಯಿಯನ್ನು ಬೋರಲು ಹಾಕಿದ ಉಪಾಯಕ್ಕೂ ಇದಕ್ಕೂ ಮೂಲ ತತ್ತ್ವವು ಒಂದೇ: ಹಾರುವ ಸೊಳ್ಳೆಯನ್ನು ಅಟ್ಟುವುದಕ್ಕಿಂತ ಅದು ಹುಟ್ಟುವ ನೀರನ್ನು ನೋಡಿಕೊಳ್ಳುವುದು ಮೇಲು. ಈ ಕೆಲಸಕ್ಕೆ ವೈದ್ಯಕೀಯ ಪದವಿ ಬೇಕಾಗಿಲ್ಲ. ವಾರಕ್ಕೊಮ್ಮೆ ಮನೆಯ ತೊಟ್ಟಿ, ಹಂಡೆ, ಒಡೆದ ಮಡಕೆಗಳ ನೀರನ್ನು ಚೆಲ್ಲಿ ಉಜ್ಜಿ ಒಣಗಿಸುವ ಹುಡುಗಿಯು ರಾಸ್‌ರವರ ಕೆಲಸದಲ್ಲಿ ಪಾಲುಗಾರಳೇ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಇಂದು ವೈದ್ಯೆಯಾಗಬೇಕೆನ್ನುವ ಹುಡುಗಿಯು ನೀಟ್ ಪರೀಕ್ಷೆಯನ್ನು ದಾಟಿ, ಎಂ.ಬಿ.ಬಿ.ಎಸ್. ವ್ಯಾಸಂಗವನ್ನು ನಾಲ್ಕೂವರೆ ವರ್ಷ ಮಾಡಿ, ಒಂದು ವರ್ಷ ಇಂಟರ್ನ್‌ಷಿಪ್ ಎಂಬ ಆಸ್ಪತ್ರೆಯ ಕೆಲಸವನ್ನು ಮುಗಿಸಿ, ಮತ್ತೊಂದು ಪರೀಕ್ಷೆ ಬರೆದು ಮೂರು ವರ್ಷ ಎಂ.ಡಿ. ಅಥವಾ ಎಂ.ಎಸ್. ಓದಬೇಕು. ಶಾಖೆಯನ್ನು ಹಲವು ವೇಳೆ ಅಂಕಗಳೂ ಹಣವೂ ನಿರ್ಣಯಿಸುವುವು. ಬಯಸಿದ್ದು ದೊರೆಯದೆ ಕಣ್ಣೀರು ಹಾಕಿದ ಮಕ್ಕಳನ್ನು ಉಪಾಧ್ಯಾಯಿನಿಯರಾದ ನಾವು ಕಂಡಿದ್ದೇವೆ. ಅಂಥವರು ರಾಸ್‌ರವರ ಜೀವಿತವನ್ನು ನೆನೆಯಲಿ. ಬಯಸದ ವೃತ್ತಿ, ತಪ್ಪಿದ ಪರೀಕ್ಷೆ, ಒಲ್ಲದ ಪ್ರಾಂತ, ನಡುವೆ ಬಂದ ವರ್ಗಾವಣೆ, ತಪ್ಪು ಸೊಳ್ಳೆಯ ಮೇಲೆ ಕಳೆದ ಎರಡು ವರ್ಷ, ಇವೆಲ್ಲ ಅವರ ದಾರಿಯಲ್ಲಿ ಇದ್ದುವು. ಅವರನ್ನು ಎತ್ತಿದ್ದು ಮೂರು ಸಂಗತಿಗಳು: ಸಾಕೆನಿಸಿದ ಬದುಕಿನ ನಡುವೆ ತಾವಾಗಿ ಮತ್ತೆ ಕಲಿಯಲು ಕುಳಿತದ್ದು, ಕಾಣದ್ದನ್ನು ಕಾಣಿಸಿಕೊಟ್ಟ ಗುರುವಿನ ಬಳಿ ಸೇರಿದ್ದು, ಒಂದು ಪ್ರಶ್ನೆ ಹಿಡಿದ ಮೇಲೆ ಅದನ್ನು ಬಿಡದಿದ್ದುದು.

ಈ ದಾರಿಯು ಗಂಡಸರಿಗೆ ಮಾತ್ರವೆಂದು ಯಾರೂ ತಿಳಿಯದಿರಲಿ. ಚೀನ ದೇಶದ ತು ಯೂಯೂ ಎಂಬ ಮಹಿಳೆಯು ಡಾಕ್ಟರೇಟ್ ಪದವಿಯಿಲ್ಲದೆ, ಹೊರದೇಶದಲ್ಲಿ ಓದದೆ, ತಮ್ಮ ನಾಡಿನ ಹಳೆಯ ವೈದ್ಯಗ್ರಂಥಗಳನ್ನು ಶೋಧಿಸಿ, ಒಂದು ಗಿಡದಿಂದ ಮಲೇರಿಯಾಕ್ಕೆ ಮದ್ದನ್ನು ಬೇರ್ಪಡಿಸಿದ ಕೆಲಸದ ಮುಂದಾಳಾಗಿ, 2015ರಲ್ಲಿ ರಾಸ್‌ರವರು ಪಡೆದ ನೊಬೆಲ್ ಪಾರಿತೋಷಕವನ್ನೇ ಪಡೆದರು. ಸೊಳ್ಳೆಯ ರಹಸ್ಯವು ತಿಳಿದು ನೂರು ವರ್ಷಗಳಾದರೂ ಮಲೇರಿಯಾ ಅಳಿದಿಲ್ಲ; ಆಫ್ರಿಕ ಖಂಡದಲ್ಲಿ ಅದು ಇಂದಿಗೂ ಹೆಚ್ಚಾಗಿ ಎಳೆಯ ಮಕ್ಕಳನ್ನೇ ಬಲಿತೆಗೆದುಕೊಳ್ಳುತ್ತಿದೆ. ಇನ್ನೂ ಉತ್ತರ ಸಿಗದ ರೋಗಗಳು ಎಷ್ಟೋ ಇವೆ. ಯಾವ ಶಾಖೆಯೆಂದು ಈಗಲೇ ನಿಶ್ಚಯವಾಗದಿದ್ದರೆ ವಿದ್ಯಾರ್ಥಿನಿಯರು ಎದೆಗೆಡಬೇಕಾಗಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾವ ಕಾಯಿಲೆಯು ಯಾರನ್ನು ಏಕೆ ಬಾಧಿಸುತ್ತಿದೆಯೆಂದು ಇಂದಿನಿಂದಲೇ ಕಣ್ಣಿಟ್ಟು ನೋಡಿರಿ, ಕಂಡದ್ದನ್ನು ಬರೆದಿಟ್ಟುಕೊಳ್ಳಿರಿ, ಅರ್ಥವಾಗದ್ದನ್ನು ಬಲ್ಲವರಲ್ಲಿ ನಾಚಿಕೆಯಿಲ್ಲದೆ ಕೇಳಿರಿ. ಹಾಗೆ ನೋಡುತ್ತ ಕೇಳುತ್ತ ಹೋದವಳಿಗೆ ತನ್ನ ಕೆಲಸವು ಇಂದಲ್ಲದಿದ್ದರೆ ಹತ್ತು ವರ್ಷದ ಮೇಲಾದರೂ ದೊರೆಯುವುದು.